ಹೇಮಾವತಿಯ ನೀರಿನಲ್ಲಿ ಶೆಟ್ಟಿಹಳ್ಳಿಯ ಇಗರ್ಜಿ

ತುಮಕೂರಿನಲ್ಲಿರುವ ನಮ್ಮ ಮನೆಯ ನಲ್ಲಿಯಲ್ಲಿ ಬರುವುದು ಹೇಮಾವತಿಯ ನೀರು. ಇದು ಮನೆಮಂದಿಗೆಲ್ಲ ತಿಳಿದ ಸಂಗತಿಯೇ ಸರಿ. ನೀರು ಬಿಡದ ದಿನ "ಹೇಮಾವತಿ ಬರಲಿಲ್ಲ" ಎಂದೂ ಬಿಟ್ಟ ದಿನ "ಹೇಮಾವತಿ ಬಂದಳು" ಎಂದೂ, ನೆಂಟರ ಬರವನ್ನು ಹೇಳುವಂತೆ ಹೇಳುವ ವಾಡಿಕೆ ನಮ್ಮಲ್ಲಿ ಬೆಳೆದುಬಂದಿದೆ. ಆದರೆ ಆ ನೀರು ನಮ್ಮ ಕೊಡಕ್ಕೆ ಬೀಳುವುದಕ್ಕೆ ಮುಂಚೆ ಎಲ್ಲಿ ನಿಂತಿತ್ತು, ಯಾರ ಅಂಗಳದ ಮೇಲೆ ನಿಂತಿತ್ತು, ಎಂಬುದನ್ನು ನಾವು ಒಂದು ದಿನವೂ ವಿಚಾರಿಸಿದವರಲ್ಲ. ಒಂದು ಮದುವೆಯ ನೆಪದಿಂದ ಆ ವಿಚಾರ ತಾನಾಗಿಯೇ ನಮ್ಮೆದುರಿಗೆ ಬಂದು ನಿಂತಿತು. ಅದನ್ನೇ ವಾಚಕರ ಮುಂದೆ ಇಡಬೇಕೆಂದಿದ್ದೇವೆ.

ಶ್ರಾವಣಮಾಸದಲ್ಲಿ ಹಾಸನದ ನಮ್ಮ ನೆಂಟರ ಮನೆಯಲ್ಲಿ ಮದುವೆ. ನಾವೂ ನಮ್ಮ ಮನೆಯವರೂ ಮಕ್ಕಳಿಬ್ಬರೂ ರೈಲಿನಲ್ಲಿ ಹೊರಟು, ತಿಪಟೂರಿನ ತೆಂಗಿನ ತೋಟಗಳನ್ನು ದಾಟಿ, ಅರಸೀಕೆರೆಯಲ್ಲಿ ದಾರಿ ತಿರುಗಿಸಿಕೊಂಡು ಹಾಸನವನ್ನು ಸೇರಿದೆವು. ಮದುವೆ ಸಾಂಗವಾಗಿ ನಡೆಯಿತು. ಮರುದಿನ ಮಾಡಲು ಬೇರೆ ಕೆಲಸವಿರಲಿಲ್ಲ. ಬೇಲೂರು ಹಳೆಯಬೀಡುಗಳನ್ನು ಮಕ್ಕಳು ಹಿಂದೆಯೇ ನೋಡಿದ್ದರು. ಆಗ ಮದುವಣಗಿತ್ತಿಯ ಅಣ್ಣನು, "ಭಾವ, ಶೆಟ್ಟಿಹಳ್ಳಿಗೆ ಹೋಗಿ ಬನ್ನಿ. ನೀರಿನಲ್ಲಿ ಮುಳುಗಿರುವ ಇಗರ್ಜಿ ಇದೆ. ಈಗ ಅಣೆಕಟ್ಟು ತುಂಬಿದೆ, ನೋಡುವುದಾದರೆ ಇದೇ ಕಾಲ" ಎಂದನು. ನೋಡುವುದಕ್ಕೆ ಅದೇ ಕಾಲವೆಂಬುದು ನಿಜವಲ್ಲವೆಂದು ನಮಗೆ ಆಮೇಲೆ ತಿಳಿಯಿತು.

ಶೆಟ್ಟಿಹಳ್ಳಿಯು ಹಾಸನಕ್ಕೆ ಸುಮಾರು ೨೦ ಕಿಲೋಮೀಟರು ದೂರದಲ್ಲಿ, ಗೊರೂರಿನ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿದೆ. ಗೊರೂರೆಂದರೆ ಕನ್ನಡಿಗರಿಗೆ ಹೊಸ ಹೆಸರಲ್ಲ. ಹಳ್ಳಿಯ ಬಾಳನ್ನು ನಗೆಯೊಡನೆ ಬರೆದು ಮನೆಮನೆಗೂ ಪರಿಚಿತರಾದ ಗೊರೂರು ರಾಮಸ್ವಾಮಯ್ಯಂಗಾರ್ಯರ ಊರು ಅದು. ನಾವು ಹೋದ ದಿನ ಸೋನೆಮಳೆ ಹಿಡಿದಿತ್ತು. ದಾರಿಯ ಎರಡು ಕಡೆಯೂ ಆಲೂಗಡ್ಡೆಯ ಹೊಲ, ಜೋಳದ ಹೊಲ. ಒಂದು ತಿರುವಿನಾಚೆ ಹೊಲಗಳು ಇದ್ದಕ್ಕಿದ್ದಂತೆ ಮುಗಿದು, ಕಣ್ಣು ಹರಿಯುವಷ್ಟು ದೂರ ಬೂದುಬಣ್ಣದ ನೀರು. ಆ ನೀರಿನ ನಡುವೆ ಮಾಡಿಲ್ಲದ ಒಂದು ಉದ್ದನೆಯ ಕಟ್ಟಡದ ಮೇಲ್ಭಾಗ ಮಾತ್ರ ಎದ್ದು ನಿಂತಿತ್ತು. ಮೊನಚಾದ ಕಮಾನುಗಳ ಸಾಲಿನಲ್ಲಿ ಕೆಳಗಿನ ಅರ್ಧ ಕಾಣದು. ಮೇಲಿನ ಅರ್ಧವು ನೀರಿನಲ್ಲಿ ತಲೆಕೆಳಗಾಗಿ ಮೂಡಿ, ಎರಡೂ ಸೇರಿ ಕಣ್ಣಿನ ಆಕಾರವಾಗಿ ತೋರುತ್ತಿದ್ದವು. ಕಮಾನಿನ ಮೇಲೆ ಬೆಳ್ಳಕ್ಕಿಗಳು ಕುಳಿತಿದ್ದವು.

ದಡದಲ್ಲಿ ನಮ್ಮಂತೆಯೇ ಬಂದವರು ಹತ್ತಿಪ್ಪತ್ತು ಮಂದಿ ಇದ್ದರು. ಎಲ್ಲರೂ ಇಗರ್ಜಿಗೆ ಬೆನ್ನು ತಿರುಗಿಸಿ ನಿಂತು ತಮ್ಮ ತಮ್ಮ ಚಿತ್ರವನ್ನು ತೆಗೆದುಕೊಳ್ಳುತ್ತಿದ್ದರು. ನಾವೂ ತೆಗೆದುಕೊಂಡೆವೆಂಬುದನ್ನು ಮುಚ್ಚಿಡುವುದಿಲ್ಲ. ಬಿಸಿ ಬಿಸಿ ಜೋಳದ ತೆನೆಯನ್ನು ತಿಂದು, ಕಾಲು ಗಂಟೆ ನೋಡಿ, "ಚೆನ್ನಾಗಿದೆ" ಎಂದುಕೊಂಡು ಹಿಂದಿರುಗಿದೆವು. ಕಿರಿಯ ಮಗಳು ಮಾತ್ರ ಗಾಡಿಯಲ್ಲಿ ಕುಳಿತ ಮೇಲೆ, "ಅಪ್ಪಾ, ಇದನ್ನು ನೀರಿನಲ್ಲಿಯೇ ಏಕೆ ಕಟ್ಟಿದರು?" ಎಂದು ಕೇಳಿದಳು. ನೀರಿನಲ್ಲಿ ಕಟ್ಟಿದ್ದಲ್ಲ, ಕಟ್ಟಿದ ಮೇಲೆ ನೀರು ಬಂತು ಎಂದು ಹೇಳಿದೆವು. "ಮತ್ತೆ ಒಳಗಿದ್ದವರು?" ಎಂದಳು. ಆ ಪ್ರಶ್ನೆಗೆ ಉತ್ತರವು ನಮ್ಮಲ್ಲಿರಲಿಲ್ಲ. ಊರಿಗೆ ಬಂದ ಮೇಲೆ ಆ ದೇವಾಲಯದ ಪೂರ್ವೋತ್ತರವನ್ನು ಕೈಲಾದಮಟ್ಟಿಗೆ ಓದಿ ತಿಳಿದುಕೊಳ್ಳುವುದಕ್ಕೆ ಅದೇ ಕಾರಣವಾಯಿತು.

ಇಗರ್ಜಿಯ ಹೆಸರು ಜಪಮಾಲೆ ಮಾತೆಯ ದೇವಾಲಯ; ಇಂಗ್ಲಿಷು ಬಲ್ಲವರು ರೋಸರಿ ಚರ್ಚು ಎನ್ನುವರು. ೧೮೬೦ರ ಸುಮಾರಿನಲ್ಲಿ ಫ್ರಾನ್ಸ್ ದೇಶದ ಪಾದ್ರಿಗಳು ಇದನ್ನು ಕಟ್ಟಿಸಿದರು. ಪ್ಯಾರಿಸ್ ನಗರದಲ್ಲಿ ಹದಿನೇಳನೆಯ ಶತಮಾನದಲ್ಲಿ ಏರ್ಪಟ್ಟ ವಿದೇಶ ಧರ್ಮಪ್ರಚಾರ ಸಂಘದವರು ಮೈಸೂರು ಸೀಮೆಯಲ್ಲಿ ಬಹುಕಾಲ ಕೆಲಸ ಮಾಡಿದವರು. ಆ ಸಂಘದವರಲ್ಲಿ ನಮ್ಮ ನಾಡಿಗೆ ಎಲ್ಲರಿಗಿಂತಲೂ ಹೆಚ್ಚು ಪರಿಚಿತರಾದವರು ಅಬ್ಬೆ ದ್ಯುಬ್ವಾ ಎಂಬವರು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ, ಚದರಿಹೋಗಿದ್ದ ಇಲ್ಲಿನ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸುವ ಕೆಲಸಕ್ಕೆ ಅವರು ಬಂದರು. ಇಲ್ಲಿನ ಉಡುಪನ್ನೇ ತೊಟ್ಟು, ಇಲ್ಲಿನವರಂತೆಯೇ ಉಂಡು, ಜನರ ಬಾಯಲ್ಲಿ 'ದೊಡ್ಡಸ್ವಾಮಿ'ಗಳೆನಿಸಿಕೊಂಡರು. ಹಾಸನದ ಹತ್ತಿರದ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ಒಕ್ಕಲುಗಳನ್ನು ಏರ್ಪಡಿಸಿದರು. ಸಿಡುಬಿನ ಹಾವಳಿಯ ಕಾಲದಲ್ಲಿ, ೧೮೦೩–೦೪ರಲ್ಲಿ, ೨೫,೦೦೦ಕ್ಕೂ ಮೇಲ್ಪಟ್ಟು ಜನರಿಗೆ ದೇವಿ ಹಾಕಿಸಿದರೆಂದು ದಾಖಲೆಯಿದೆ. ನಮ್ಮ ಜನರ ಆಚಾರವ್ಯವಹಾರಗಳನ್ನು ಕುರಿತು ಅವರು ಬರೆದ ದೊಡ್ಡ ಗ್ರಂಥವನ್ನು ಇಂದಿಗೂ ಓದುವವರಿದ್ದಾರೆ. ಅದರಲ್ಲಿನ ಮಾತುಗಳೆಲ್ಲವನ್ನೂ ಒಪ್ಪಬೇಕಾದುದಿಲ್ಲ.

ಶೆಟ್ಟಿಹಳ್ಳಿಯ ಇಗರ್ಜಿಯನ್ನು ಕಟ್ಟಿಸಿದವರೂ ಈ ದೊಡ್ಡಸ್ವಾಮಿಗಳೇ ಎಂದು ಹೇಳುವವರುಂಟು, ಹಾಗೆಂದು ಬರೆದವರೂ ಉಂಟು. ಇದು ಆಗತಕ್ಕ ಮಾತಲ್ಲ. ದ್ಯುಬ್ವಾರವರು ೧೮೨೩ರಲ್ಲಿಯೇ ಹಿಂದೂದೇಶವನ್ನು ಬಿಟ್ಟು ಸ್ವದೇಶಕ್ಕೆ ತೆರಳಿದರು. ೧೮೪೮ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಸತ್ತಿಹಳ್ಳಿ, ಶೆಟ್ಟಿಹಳ್ಳಿ ಎಂಬ ಎರಡು ಹೆಸರುಗಳ ಹೋಲಿಕೆಯಿಂದ ಒಬ್ಬರ ಕೀರ್ತಿಯು ಇನ್ನೊಂದೂರಿಗೆ ಹರಿದುಬಂದಿರಬೇಕೆಂದು ನಮಗೆ ತೋರುತ್ತದೆ. ಅವರು ನೆಟ್ಟ ಬಳ್ಳಿಯ ಕುಡಿಯೊಂದು ನದಿಯ ದಡದಲ್ಲಿ ನಲವತ್ತು ವರ್ಷಗಳ ಮೇಲೆ ಚಿಗುರಿತೆಂದರೆ ಸತ್ಯಕ್ಕೆ ಹತ್ತಿರವಾದೀತು.

ಸಕಲೇಶಪುರದ ಕಡೆಯ ಕಾಫಿ ತೋಟಗಳ ಆಂಗ್ಲ ದೊರೆಗಳಿಗಾಗಿ ಇದನ್ನು ಕಟ್ಟಿದರೆಂಬ ಮಾತೂ ಪ್ರಚಾರದಲ್ಲಿದೆ. ಆ ಕಾಲದಲ್ಲಿ ಮಂಜರಾಬಾದಿನ ಮಲೆಗಳಲ್ಲಿ ತೋಟಗಳು ಎದ್ದದ್ದು ನಿಜ. ಆದರೆ ಆ ದೊರೆಗಳಲ್ಲಿ ಬಹುಮಂದಿ ಪ್ರಾಟೆಸ್ಟಂಟ್ ಮತದವರು. ಫ್ರೆಂಚ್ ಪಾದ್ರಿಗಳ ಕಥೋಲಿಕ ಪೂಜೆಗೆ ಅವರು ಕುದುರೆಯೇರಿ ಬರುತ್ತಿದ್ದರೆಂದು ನಂಬುವುದು ಕಷ್ಟ. ಅಪರೂಪಕ್ಕೆ ಒಬ್ಬಿಬ್ಬರು ಬಂದಿರಬಹುದು. ಆದರೆ ಒಂದು ಇಗರ್ಜಿಯನ್ನು ನೂರು ವರ್ಷ ಬದುಕಿಸುವವರು ಅಂಥವರಲ್ಲ, ಸುತ್ತಮುತ್ತಲ ಒಕ್ಕಲು ಮಕ್ಕಳು. ಮಗು ಹುಟ್ಟಿದರೆ ಜ್ಞಾನಸ್ನಾನಕ್ಕೆ, ಬೆಳೆದರೆ ಮದುವೆಗೆ, ಸತ್ತರೆ ಮಣ್ಣಿಗೆ, ಹೀಗೆ ಮೂರು ಸಲ ಇಗರ್ಜಿಯ ಪುಸ್ತಕದಲ್ಲಿ ಹೆಸರು ಬರೆಯಿಸಿಕೊಳ್ಳುವವರು ಅವರೇ. ನಮ್ಮ ಶಾನುಭೋಗರ ಕಡತದಲ್ಲಿ ಭೂಮಿಯ ಲೆಕ್ಕವಿದ್ದಂತೆ ಅವರ ಪುಸ್ತಕದಲ್ಲಿ ಮನುಷ್ಯರ ಲೆಕ್ಕ.

ಕಟ್ಟಿದ ಕಾಲವನ್ನು ಸ್ವಲ್ಪ ನೆನೆದುಕೊಳ್ಳಬೇಕು. ಮೈಸೂರು ಆಗ ಅರಸರ ಕೈಯಲ್ಲಿರಲಿಲ್ಲ, ಕಮಿಷನರುಗಳ ಆಳ್ವಿಕೆ. ಹಾಸನಕ್ಕೆ ರೈಲು ಬಂದಿರಲಿಲ್ಲ. ಸಾಮಾನು ಬರಬೇಕಾದರೆ ಎತ್ತಿನ ಗಾಡಿಯೇ ಗತಿ. ಇಂಥಲ್ಲಿ ಒಂದು ಹಳ್ಳಿಯ ಬಯಲಿನ ಮೇಲೆ, ಯೂರೋಪು ಖಂಡದಲ್ಲಿ ಗಾಥಿಕ್ ಎಂದು ಕರೆಯುವ ಶೈಲಿಯಲ್ಲಿ, ಎತ್ತರವಾದ ಗೋಡೆಗಳೂ ಮೊನಚಾದ ಕಮಾನುಗಳೂ ಎದ್ದುವು. ಮೈಸೂರಿನ ಸೇಂಟ್ ಫಿಲೋಮಿನಾ ದೇವಾಲಯವನ್ನು ನಮ್ಮ ವಾಚಕರಲ್ಲಿ ಬಹುಮಂದಿ ನೋಡಿರುವರಷ್ಟೆ. ಅದೂ ಇದೇ ಕುಲದ್ದು. ಆದರೆ ಅದಕ್ಕೆ ಅಸ್ತಿವಾರ ಹಾಕಿದ್ದು ೧೯೩೩ರಲ್ಲಿ, ಅದೂ ರಾಜಧಾನಿಯಲ್ಲಿ, ಮಹಾರಾಜರ ಆಶ್ರಯದಲ್ಲಿ. ಶೆಟ್ಟಿಹಳ್ಳಿಯದು ಅದಕ್ಕಿಂತ ಎಪ್ಪತ್ತು ವರ್ಷ ಹಿರಿಯದು, ಹಳ್ಳಿಯದು. ಕಲ್ಲಿನದಲ್ಲ, ಇಟ್ಟಿಗೆ ಸುಣ್ಣದ್ದು. ಗಾರೆಗೆ ಬೆಲ್ಲವನ್ನೂ ಕೋಳಿಮೊಟ್ಟೆಯ ಬಿಳಿಯನ್ನೂ ಬೆರೆಸಿದ್ದರೆಂದು ಆ ಕಡೆಯವರು ಹೇಳುತ್ತಾರೆ. ಹಳೆಯ ಕಟ್ಟಡ ಯಾವುದನ್ನು ತೋರಿಸಿದರೂ ಈ ಮಾತು ಬಂದೇ ಬರುತ್ತದೆ. ಆದರೆ ದಕ್ಷಿಣದೇಶದ ಗಾರೆಯವರು ಬೆಲ್ಲದ ನೀರನ್ನೂ ಅಳಲೆಕಾಯಿಯ ನೀರನ್ನೂ ಸುಣ್ಣಕ್ಕೆ ಸೇರಿಸುತ್ತಿದ್ದುದು ಬರಿಯ ಕಥೆಯಲ್ಲ.

ಗೋಡೆಗಳಿನ್ನೂ ಹೊಸವಾಗಿದ್ದಾಗಲೇ ೧೮೭೬–೭೮ರ ಧಾತು ಈಶ್ವರದ ಮಹಾಕ್ಷಾಮ ಬಂದಿತು. ಮೈಸೂರು ಸೀಮೆಯಲ್ಲಿ ಐವರಲ್ಲಿ ಒಬ್ಬರಂತೆ ಜನ ಅಳಿದುಹೋದರು. ನೀರಿಲ್ಲದೆ ಜನ ಸತ್ತ ಆ ಎರಡು ವರ್ಷಗಳನ್ನು ಈ ಕಮಾನುಗಳು ನೋಡಿದುವು. ನಮ್ಮ ಹಿರಿಯರು ಹೊಳೆಗೆ ಕಟ್ಟೆ ಕಟ್ಟಬೇಕು, ಕೆರೆ ತುಂಬಿಸಬೇಕು ಎಂದು ಹಂಬಲಿಸಿದುದಕ್ಕೆ ಅಂಥ ಕ್ಷಾಮಗಳೇ ಕಾರಣ. ಕಟ್ಟೆಯನ್ನು ಬಯಸಿದವರು ಕೆಟ್ಟವರೆಂದು ಈ ಲೇಖನವನ್ನು ಓದಿ ಯಾರೂ ತಿಳಿಯಬಾರದು.

ಹೇಮಾವತಿಯು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟಿ, ಸಕಲೇಶಪುರವನ್ನು ಹಾದು, ಸುಮಾರು ೨೪೫ ಕಿಲೋಮೀಟರು ಹರಿದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಗೊರೂರಿನ ಬಳಿ ಅವಳಿಗೆ ಕಟ್ಟಿದ ಅಣೆಯು ೧೯೭೯ರಲ್ಲಿ ಪೂರ್ಣವಾಯಿತು. ಅದರ ಉದ್ದ ೪,೬೯೨ ಮೀಟರು. ತುಂಬಿದಾಗಿನ ಮಟ್ಟ ಸಮುದ್ರಕ್ಕೆ ೨,೯೨೨ ಅಡಿ. ಹಿಡಿಯುವ ನೀರು ೩೭ ಟಿ.ಎಂ.ಸಿ.ಗಿಂತ ಸ್ವಲ್ಪ ಹೆಚ್ಚು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಈ ನೀರು ಕಾಲುವೆಗಳಲ್ಲಿ ಹರಿದು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಗದ್ದೆಗಳಿಗೆ ಉಣಿಸುತ್ತದೆ. ಬಾಗೂರು ನವಿಲೆಯ ಬಳಿ ನೆಲದೊಳಗಣ ಸುರಂಗವನ್ನು ನುಸುಳಿ ನಮ್ಮ ಕಡೆಗೂ ಬರುತ್ತದೆ. ಬುಗುಡನಹಳ್ಳಿಯ ಕೆರೆಯನ್ನು ತುಂಬಿಸಿ, ಅಲ್ಲಿಂದ ಶುದ್ಧವಾಗಿ ನಮ್ಮ ನಲ್ಲಿಯನ್ನು ಸೇರುತ್ತದೆ. ಇಷ್ಟು ನೀರು ನಿಲ್ಲಬೇಕಾದರೆ ನಿಲ್ಲುವುದಕ್ಕೆ ಭೂಮಿ ಬೇಕಷ್ಟೆ. ಆ ಭೂಮಿಯಲ್ಲಿ ಶೆಟ್ಟಿಹಳ್ಳಿಯ ಮನೆಗಳಿದ್ದುವು, ಗದ್ದೆಗಳಿದ್ದುವು, ಈ ಇಗರ್ಜಿಯಿತ್ತು. ಜನರು ಬೇರೆ ಕಡೆಗೆ ಹೋದರು. ಇಗರ್ಜಿಯು ಹೋಗಲಾರದೆ ನಿಂತಿತು.

ಇಷ್ಟನ್ನು ತಿಳಿದ ಮೇಲೆ ಇನ್ನೊಮ್ಮೆ ಹೋಗಿ ನೋಡದೆ ಇರುವುದು ಸರಿಯೆನಿಸಲಿಲ್ಲ. ಫಾಲ್ಗುಣದ ಕೊನೆಯಲ್ಲಿ, ಮಕ್ಕಳಿಗೆ ಎರಡು ದಿನ ರಜೆ ಸಿಕ್ಕಿದಾಗ, ಮತ್ತೆ ಹಾಸನದ ರೈಲು ಹತ್ತಿದೆವು.

ಈ ಸಲ ನಾವು ಕಂಡ ಸ್ಥಳವು ಬೇರೆಯೇ ಆಗಿತ್ತು. ಹಿಂದೆ ನಿಂತು ನೋಡಿದ್ದ ದಡವು ದಿಣ್ಣೆಯಾಗಿತ್ತು. ಅದರಿಂದ ಇಳಿದು, ಒಣಗಿ ಬಿರಿದ ಮಣ್ಣಿನ ಮೇಲೆ, ಎಳೆಯ ಗರಿಕೆಯ ಮೇಲೆ, ಕಾಲುನಡಿಗೆಯಿಂದಲೇ ಇಗರ್ಜಿಯ ಬಾಗಿಲಿನವರೆಗೆ ಹೋದೆವು. ಬಾಗಿಲೆಂಬುದು ಇಲ್ಲ, ಬಾಗಿಲಿದ್ದ ಎಡೆಯಿದೆ. ಎರಡು ಕಡೆಯೂ ಗೋಡೆಗಳು, ಅವುಗಳಲ್ಲಿ ಕಮಾನುಗಳ ಸಾಲು, ಮೇಲೆ ಬರಿಯ ಆಕಾಶ. ಒಳಗೆ ಜನರು ಮೊಣಕಾಲೂರುತ್ತಿದ್ದ ಕಡೆ ಹುಲ್ಲು ಬೆಳೆದು ನಾಲ್ಕು ಎಮ್ಮೆಗಳು ಮೇಯುತ್ತಿದ್ದುವು. ಗಾರೆ ಕಳಚಿದ ಕಡೆ ಕೆಂಪಿಟ್ಟಿಗೆ ಹಲ್ಲಿನಂತೆ ಕಾಣುತ್ತಿತ್ತು. ಆಳಿಗಿಂತ ಎತ್ತರದವರೆಗೆ ಗೋಡೆಗೆ ಕೆಸರಿನ ಬಣ್ಣ. ಅದರ ಮೇಲೆ ಸುಣ್ಣದ ಬಿಳುಪು. ನಡುವೆ ಮಜಲು ಮಜಲಾಗಿ ಗೆರೆಗಳು. ಯಾವ ವರ್ಷ ನೀರು ಎಲ್ಲಿಯವರೆಗೆ ನಿಂತಿತ್ತೆಂಬುದನ್ನು ಆ ಗೆರೆಗಳೇ ಬರೆದಿಟ್ಟಂತಿತ್ತು. ಅವುಗಳ ಮೇಲೆ, ಕೈಗೆಟುಕುವಷ್ಟು ಎತ್ತರದಲ್ಲಿ, ನೋಡಬಂದವರು ಮೊಳೆಯಿಂದ ಕೆತ್ತಿದ ತಮ್ಮ ಹೆಸರುಗಳು. ಒಂದು ಮೂಲೆಯಲ್ಲಿ ಒಡೆದ ಶೀಶೆಗಳು ಬಿದ್ದಿದ್ದುವು. ಮಕ್ಕಳನ್ನು ಕಾಲಿಗೆ ಚುಚ್ಚಿಕೊಳ್ಳದಂತೆ ಎಚ್ಚರಿಸಬೇಕಾಯಿತು.

ಎಮ್ಮೆಗಳ ಹಿಂದೆ ಬಂದಿದ್ದ ಮುದುಕರೊಬ್ಬರು ಕಮಾನಿನ ನೆರಳಿನಲ್ಲಿ ಕುಳಿತಿದ್ದರು. ಎಪ್ಪತ್ತು ದಾಟಿದ ವಯಸ್ಸು. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸಣ್ಣ ಶಿಲುಬೆ. ನಾವು ನಮಸ್ಕರಿಸಿದೆವು.

"ಬನ್ನಿ ಸ್ವಾಮಿ. ಯಾವ ಊರಿಂದ ಬಂದ್ರಿ?" ಎಂದರು.

ತುಮಕೂರೆಂದೆವು.

"ಓ ಹೋ, ನಮ್ಮ ನೀರು ಅಲ್ಲಿಗೇ ಅಲ್ವಾ ಹೋಗೋದು!" ಎಂದು ಅವರು ಬೊಚ್ಚುಬಾಯಿಯಿಂದ ನಕ್ಕರು. ಆ ನಗುವಿನಲ್ಲಿ ಕೊಂಕೇನೂ ಇರಲಿಲ್ಲ. ಆದರೂ ನಮಗೆ ಏನು ಹೇಳಬೇಕೋ ತೋಚದೆ ಹೋಯಿತು. ಉಂಡ ಮನೆಯ ಹೆಸರನ್ನು ಮರೆತು, ಆ ಮನೆಯವರೆದುರಿಗೇ ಸಿಕ್ಕಿಬಿದ್ದವರ ಅವಸ್ಥೆ ನಮ್ಮದಾಯಿತು.

ನಮ್ಮ ಮನೆಯವರು ಮಾತನ್ನು ಮುಂದುವರಿಸಿ, "ನಿಮ್ಮ ಭೂಮಿ ಎಷ್ಟು ಹೋಯಿತಜ್ಜಾ?" ಎಂದು ಕೇಳಿದರು.

"ನಾಕು ಎಕರೆ ಗದ್ದೆ ತಾಯೀ. ಅಕೋ, ಆ ಕೊಕ್ಕರೆ ನಿಂತದಲ್ಲಾ, ಅಲ್ಲಿಂದ ಈಚೆಗೆ. ದುಡ್ಡು ಕೊಟ್ರು, ಕೊಡ್ಲಿಲ್ಲ ಅನ್ನಂಗಿಲ್ಲ. ದುಡ್ಡು ಖರ್ಚಾಯ್ತು. ಗದ್ದೆಯಾಗಿದ್ರೆ ಖರ್ಚಾಗ್ತಿರ್ಲಿಲ್ಲ."

ತಾವು ಜ್ಞಾನಸ್ನಾನವಾದುದು ಈ ಗೋಡೆಗಳೊಳಗೆಂದೂ, ಹುಡುಗನಾಗಿದ್ದಾಗ ಭಾನುವಾರ ಬೆಳಗ್ಗೆ ಗಂಟೆ ಕೇಳಿಸಿದರೆ ಗದ್ದೆಯಿಂದ ಕೈಕಾಲು ತೊಳೆದುಕೊಂಡು ಓಡಿಬರುತ್ತಿದ್ದರೆಂದೂ ಅವರು ಹೇಳಿದರು. ಪೀಠವಿದ್ದ ಕಡೆಯನ್ನು ಬೆರಳೆತ್ತಿ ತೋರಿಸಿದರು. ದೇವಾಲಯದ ಕೊನೆಯಲ್ಲಿ ಗೋಡೆಯು ಬಾಗಿ ಅರೆಸುತ್ತಾಗಿ ನಿಂತಿರುವ ಆ ಭಾಗವೇ ಉಳಿದೆಲ್ಲಕ್ಕಿಂತಲೂ ಅಂದವಾಗಿದೆ. ಅಲ್ಲಿ ಮಾತನಾಡಿದರೆ ಮಾಡಿಲ್ಲದಿದ್ದರೂ ದನಿ ಸ್ವಲ್ಪ ತುಂಬಿ ಬರುತ್ತದೆ.

ನಮ್ಮ ಕಿರಿಯ ಮಗಳು ಶ್ರಾವಣದ ತನ್ನ ಪ್ರಶ್ನೆಯನ್ನು ಮರೆತಿರಲಿಲ್ಲ. "ಅಜ್ಜಾ, ನೀರು ಬಂದಾಗ ಒಳಗಿದ್ದ ದೇವರು ಏನಾದರು?" ಎಂದಳು.

"ದೇವ್ರು ನಮಗಿಂತ ಮುಂಚೆ ಹೊರಟ್ರು ಮಗಾ," ಎಂದರು ಮುದುಕರು. "ಗುರುಗಳು ಎಲ್ಲಾನೂ ಎತ್ಕಂಡ್ರು. ಇಲ್ಲಿ ಉಳಿದಿದ್ದು ಮನೆ ಅಷ್ಟೇಯ."

ಇದು ಮಗುವಿಗೆ ಅರ್ಥವಾಗಲಿಲ್ಲ. ನಾವು ವಿವರಿಸಿದೆವು. ನಮ್ಮ ದೇವಸ್ಥಾನಗಳಲ್ಲಿ ಗರ್ಭಗುಡಿಯನ್ನು ಕೀಳಬೇಕಾಗಿ ಬಂದರೆ ಮೊದಲು ಕಳಾಕರ್ಷಣ ಮಾಡುವರು. ಮೂರ್ತಿಯಲ್ಲಿನ ಸಾನ್ನಿಧ್ಯವನ್ನು ಕಲಶಕ್ಕೆ ಬರಮಾಡಿಕೊಂಡು ಬಾಲಾಲಯದಲ್ಲಿಡುವರು. ಅಲ್ಲಿಗೆ ಕಲ್ಲು ಬರಿಯ ಕಲ್ಲು. ಕಥೋಲಿಕ ಕ್ರೈಸ್ತರಲ್ಲಿಯೂ ಇಗರ್ಜಿಯನ್ನು ಬಿಡುವಾಗ ಪೀಠದ ಬಳಿಯ ಪೆಟ್ಟಿಗೆಯಲ್ಲಿ ಸದಾ ಇರುವ ಪರಮಪ್ರಸಾದವನ್ನು ಗುರುಗಳು ಮೊದಲು ಹೊರತರುತ್ತಾರೆ. ವಿಧಿ ಬೇರೆ, ಭಾವವು ಬಹಳ ಬೇರೆಯಲ್ಲ. ಮಗಳು ಎಲ್ಲವನ್ನೂ ಕೇಳಿ, "ಹಾಗಾದರೆ ಅಜ್ಜ ಇಲ್ಲಿಗೆ ಏಕೆ ಬರುತ್ತಾರೆ?" ಎಂದಳು. ಮುದುಕರು, "ಎಮ್ಮೆ ಮೇಯಿಸಕ್ಕೆ" ಎಂದು ಮತ್ತೆ ನಕ್ಕರು.

ಜಪಮಾಲೆ ಮಾತೆಯ ಹಬ್ಬವು ಅಕ್ಟೋಬರ್ ೭ನೆಯ ತಾರೀಖು ಬರುತ್ತದೆ. ೧೫೭೧ರಲ್ಲಿ ಲೆಪಾಂಟೊ ಎಂಬಲ್ಲಿ ನಡೆದ ನೌಕಾಯುದ್ಧದ ನೆನಪಿಗೆ ಅದನ್ನು ಏರ್ಪಡಿಸಿದರು. ಅಂದು ಅಕ್ಟೋಬರ್ ತಿಂಗಳೆಲ್ಲ ಜಪಮಾಲೆಯ ತಿಂಗಳೇ; ಕಥೋಲಿಕರ ಮನೆಗಳಲ್ಲಿ ಸಂಜೆ ಸಂಜೆ ಮಣಿ ಎಣಿಸಿ ಪ್ರಾರ್ಥಿಸುವರು. ಮಳೆಗಾಲವು ಚೆನ್ನಾಗಿ ನಡೆದ ವರ್ಷ ಗೊರೂರಿನ ಅಣೆಯು ಅದೇ ತಿಂಗಳಲ್ಲಿ ತುಂಬಿರುತ್ತದೆ. ಆದಕಾರಣ ಈ ದೇವಾಲಯವು ತನ್ನ ಹಬ್ಬದ ದಿನವೇ ಕತ್ತಿನವರೆಗೆ ನೀರಿನಲ್ಲಿ ನಿಲ್ಲುತ್ತದೆ. ಹಬ್ಬವಿಲ್ಲದ ಬೇಸಗೆಯಲ್ಲಿ ಬಾಗಿಲು ತೆರೆದು ಕಾದಿರುತ್ತದೆ. ಇದನ್ನು ನಾವು ಮುದುಕರಿಗೆ ಹೇಳಿದೆವು. ಅವರಿಗೆ ಅದು ಹೊಸ ಸಂಗತಿಯಾಗಿರಲಿಲ್ಲ. ಮುಂಚೆ ಹಬ್ಬಕ್ಕೆ ಇಲ್ಲಿಗೆ ಬರುತ್ತಿದ್ದ ನೆಂಟರಿಷ್ಟರ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದರು. ಅವರಲ್ಲಿ ಬಹುಮಂದಿ ತೀರಿಹೋದವರು.

ನಲವತ್ತು ವರ್ಷಗಳಿಗೂ ಮೇಲ್ಪಟ್ಟು ವರ್ಷವರ್ಷವೂ ಮುಳುಗಿ ಏಳುತ್ತಿರುವ ಇಟ್ಟಿಗೆಯ ಗೋಡೆಯು ಇನ್ನೂ ನಿಂತಿರುವುದು ಹೇಗೆಂದು ಆಶ್ಚರ್ಯವಾಗುವುದು ಸಹಜ. ನೀರಿನ ಭಾರವೇ ಅದನ್ನು ತಳ್ಳಿಬಿಡಬೇಕಲ್ಲವೆ? ಬಾಗಿಲು ಕಿಟಕಿಗಳೆಲ್ಲ ಬರಿದಾಗಿರುವುದರಿಂದ ನೀರು ಒಳಗೂ ಹೊರಗೂ ಒಂದೇ ಮಟ್ಟದಲ್ಲಿ ಏರುತ್ತದೆ. ಎರಡು ಕಡೆಯ ಒತ್ತು ಸಮನಾಗಿ ಗೋಡೆಯು ಉಳಿಯುತ್ತದೆ. ಬಾಗಿಲುಗಳನ್ನು ಭದ್ರವಾಗಿ ಮುಚ್ಚಿಟ್ಟಿದ್ದರೆ ಬೇಗನೆ ಬೀಳುತ್ತಿತ್ತೇನೋ. ಅಪಾಯವು ಬೇರೆ ಕಡೆಯಿಂದ ಬರುತ್ತದೆ. ನೀರಿನ ಮಟ್ಟ ಏರಿಳಿಯುವ ಪಟ್ಟಿಯಲ್ಲಿ ಅಲೆಗಳು ಹಗಲಿರುಳೂ ಗಾರೆಯನ್ನು ನೆಕ್ಕುತ್ತವೆ. ಇಟ್ಟಿಗೆಯು ಕುಡಿದ ನೀರು ಬೇಸಗೆಯಲ್ಲಿ ಆರಿದಾಗ ಅದರಲ್ಲಿನ ಉಪ್ಪು ಹರಳುಗಟ್ಟಿ ಒಳಗಿನಿಂದಲೇ ಮೈಯನ್ನು ಸಿಡಿಸುತ್ತದೆ. ಅಸ್ತಿವಾರದ ಮಣ್ಣು ಆರು ತಿಂಗಳು ಕೆಸರು, ಆರು ತಿಂಗಳು ಬಿರುಕು. ಮೇಲೆ ಮಾಡಿಲ್ಲದ ಕಾರಣ ಮಳೆಯು ಗೋಡೆಯ ನೆತ್ತಿಯಿಂದಲೂ ಇಳಿಯುತ್ತದೆ. ಆ ನೆತ್ತಿಯಲ್ಲಿ ಹಕ್ಕಿ ಬೀಳಿಸಿದ ಬೀಜ ಮೊಳೆತು ಬೇರುಬಿಡುತ್ತದೆ. ಹೀಗೆ ಒಂದೊಂದು ವರ್ಷ ಒಂದೊಂದು ತುಂಡು ಬೀಳುತ್ತಿದೆ. ನಾವು ನೋಡಿದಾಗ ಒಂದು ಕಮಾನು ಅರ್ಧಕ್ಕೆ ಮುರಿದು, ಉಳಿದರ್ಧವು ಯಾವ ಆಸರೆಯೂ ಇಲ್ಲದೆ ಗಾಳಿಯಲ್ಲಿ ಚಾಚಿಕೊಂಡಿತ್ತು. ಅದರ ಕೆಳಗೆ ನಿಂತು ಚಿತ್ರ ತೆಗೆಯಿಸಿಕೊಳ್ಳುತ್ತಿದ್ದ ಹುಡುಗರನ್ನು ಈಚೆಗೆ ಕರೆದೆವು. ಅವರು ನಮ್ಮನ್ನು ಹಳೆಯ ಕಾಲದವರೆಂದುಕೊಂಡಿರಬೇಕು.

ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಇದರೊಡನೆ ಹೋಲಿಸುವವರುಂಟು. ಕೃಷ್ಣರಾಜಸಾಗರವನ್ನು ಕಟ್ಟಿದಾಗ ಹಳೆಯ ಕನ್ನಂಬಾಡಿ ಊರೂ ಹೊಯ್ಸಳರ ಕಾಲದ ಆ ದೇವಸ್ಥಾನವೂ ನೀರಿನಲ್ಲಿ ಮುಳುಗಿದುವು. ನೀರು ಬತ್ತಿದ ವರ್ಷಗಳಲ್ಲಿ ಮಾತ್ರ ಗುಡಿಯು ಕಾಣಿಸಿಕೊಳ್ಳುತ್ತಿತ್ತು. ಈ ಶತಮಾನದ ಆದಿಯಲ್ಲಿ ಅದರ ಕಲ್ಲುಗಳನ್ನು ಗುರುತುಹಾಕಿ ಬಿಚ್ಚಿ, ಹಿನ್ನೀರಿನ ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಶೆಟ್ಟಿಹಳ್ಳಿಗೂ ಹಾಗೆಯೇ ಮಾಡಬಾರದೇಕೆಂದು ಕೇಳುವವರು ಒಂದು ಭೇದವನ್ನು ಮರೆಯುತ್ತಾರೆ. ಹೊಯ್ಸಳರ ಗುಡಿಯು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದು, ಕೂರಿಸಿದುದನ್ನು ತೆಗೆಯಬಹುದು. ಇಟ್ಟಿಗೆ ಸುಣ್ಣದ ಗೋಡೆಯೆಂದರೆ ಮುದ್ದೆ ಕಟ್ಟಿದಂತೆ. ಬಿಚ್ಚಹೋದರೆ ಕೈಗೆ ಬರುವುದು ಪುಡಿ. ಇದನ್ನು ಉಳಿಸುವುದಾದರೆ ನಿಂತಲ್ಲಿಯೇ ಉಳಿಸಬೇಕು. ನೀರು ಇಳಿದ ಮೂರು ನಾಲ್ಕು ತಿಂಗಳುಗಳಲ್ಲಿ ಸುಣ್ಣದ ಗಾರೆಯಿಂದಲೇ ಸಂದುಗಳನ್ನು ತುಂಬಬೇಕು. ಸಿಮೆಂಟು ಬಳಿದರೆ ಹಳೆಯ ಇಟ್ಟಿಗೆಯ ಬೆವರು ಹೊರಗೆ ಹೋಗಲಾರದೆ ಗೋಡೆಯು ಇನ್ನೂ ಬೇಗ ಕೆಡುವುದೆಂದು ಬಲ್ಲವರು ಹೇಳುತ್ತಾರೆ.

ಪೂರ್ತಿ ಉಳಿಸುವುದು ಸಾಧ್ಯವೋ, ಅಷ್ಟು ಹಣವನ್ನು ಒಂದು ಪಾಳು ಕಟ್ಟಡಕ್ಕೆ ಹಾಕುವುದು ನ್ಯಾಯವೋ, ನಾವು ಹೇಳಲಾರೆವು. ಗದ್ದೆ ಕಳೆದುಕೊಂಡವರು ಎದುರಿಗೆ ಕುಳಿತಿರುವಾಗ ಗೋಡೆಯ ಮರಮ್ಮತಿನ ಮಾತೆತ್ತುವುದಕ್ಕೂ ನಾಚಿಕೆಯಾಗುತ್ತದೆ. ಆದರೆ ಖರ್ಚಿಲ್ಲದ ಕೆಲವು ಕೆಲಸಗಳಾದರೂ ಆಗಬಹುದು. ಗೋಡೆಗಳು ಇರುವಾಗಲೇ ಅವುಗಳ ಅಳತೆ ತೆಗೆದು ನಕ್ಷೆ ಬರೆದಿಡಬಹುದು. ಮುರಿಯುವಂತಿರುವ ಕಮಾನುಗಳ ಸುತ್ತ ಬೇಲಿ ಹಾಕಬಹುದು. ಕಟ್ಟಿದವರ ವಿಷಯ, ಊರಿನ ವಿಷಯ, ನೀರಿನ ವಿಷಯ ಮೂರನ್ನೂ ಸರಿಯಾಗಿ ಬರೆದ ಹಲಗೆಯೊಂದನ್ನು ನೆಡಬಹುದು. ನಮ್ಮಂತೆ ನೋಡಹೋಗುವವರು ಮೊಳೆಯನ್ನು ಮನೆಯಲ್ಲಿಯೇ ಬಿಟ್ಟುಹೋಗಬಹುದು.

ಬಿಸಿಲು ಇಳಿಯಿತು. ಮುದುಕರು ಎಮ್ಮೆಗಳನ್ನು ಎಬ್ಬಿಸಿಕೊಂಡು ಹೊರಟರು. ನಮ್ಮ ಮನೆಯವರು ಬುತ್ತಿಯಲ್ಲಿ ಉಳಿದಿದ್ದ ನಾಲ್ಕು ಕೋಡುಬಳೆಗಳನ್ನು ಕಾಗದದಲ್ಲಿ ಕಟ್ಟಿ ಅವರ ಕೈಗೆ ಕೊಟ್ಟರು. ಕಿರಿಯವಳ ಮುಷ್ಟಿಯಲ್ಲಿ ಇಟ್ಟಿಗೆಯ ಚೂರೊಂದು ಇತ್ತು. ಊರಿಗೆ ಒಯ್ದು ಗೆಳತಿಯರಿಗೆ ತೋರಿಸಬೇಕೆಂದು ಆಯ್ದುಕೊಂಡಿದ್ದಳು. ಮುದುಕರು ಅದನ್ನು ಕಂಡೂ ಏನನ್ನೂ ಹೇಳಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ಅವಳೇ ಹಿಂದಕ್ಕೆ ಓಡಿಹೋಗಿ ಅದನ್ನು ಗೋಡೆಯ ಗೂಡಿನಲ್ಲಿಟ್ಟು ಬಂದಳು.

ದಿನಪತ್ರಿಕೆಯ ಮೂಲೆಯಲ್ಲಿ ಅಣೆಕಟ್ಟುಗಳ ನೀರಿನ ಮಟ್ಟವನ್ನು ಪ್ರತಿದಿನವೂ ಅಚ್ಚುಹಾಕುವರಷ್ಟೆ. ಹಿಂದೆ ನಮ್ಮ ಮನೆಯಲ್ಲಿ ಅದನ್ನು ಓದುವವರಿರಲಿಲ್ಲ. ಈಗ ಆಷಾಢದ ಮಳೆ ಹಿಡಿದಂದಿನಿಂದ ಮಕ್ಕಳಿಬ್ಬರೂ ಕಾಫಿಗೆ ಮುಂಚೆ ಆ ಮೂಲೆಯನ್ನು ನೋಡುತ್ತಾರೆ. ಹೇಮಾವತಿಯ ಸಾಲಿಗೆ ಬಂದಾಗ ಹಿರಿಯವನು, "ಇನ್ನು ಹತ್ತಡಿ ಬಂದರೆ ನಮಗೆ ಈ ವರ್ಷ ನೀರಿನ ತೊಂದರೆಯಿಲ್ಲ" ಎನ್ನುತ್ತಾನೆ. ಕಿರಿಯವಳು, "ಅಜ್ಜನ ಎಮ್ಮೆಗಳು ಈಗ ಎಲ್ಲಿ ಮೇಯುತ್ತವೆಯೋ" ಎನ್ನುತ್ತಾಳೆ.